ಎರಡನೇ ಸಾಲು

ಗಿಡ ಬೋಳಾಗಿದ್ದು ಅವನಿಗೆ ನಿನ್ನೆ ಸಂಜೆಯೇ ಗೊತ್ತಿತ್ತು. ಗೊತ್ತಿದ್ದೂ ಮನೆಗೆ ಹೋಗಿ ಟೀ ಕುಡಿದು, ಪೇಪರು ಓದಿ, ಮಲಗಿ ಗೊರಕೆ ಹೊಡೆದಿದ್ದ. ಈಗ ಬೆಳಿಗ್ಗೆ ಸಸ್ಯೋದ್ಯಾನದ ಮಕ್ಕಳ ವಿಭಾಗದಲ್ಲಿ, ನೀರಿನ ಪೈಪು ಹಿಡಿದುಕೊಂಡು ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರೆ, ನಿಂಬೆಗಿಡದಲ್ಲಿ ಎಲೆಯೂ ಇಲ್ಲ, ಮಕ್ಕಳ ಪಾಠಕ್ಕೆಂದು ಅದರ ಮೇಲೆ ಸಾಕಿದ್ದ ಚಿಟ್ಟೆಹುಳುಗಳೂ ಇಲ್ಲ. ಮುಳ್ಳು ಮಾತ್ರ ಇದ್ದವು. ಕುಂಡದ ಅಡಿಗೆ ಕೈ ಹಾಕಿ ನೋಡಿದ, ಕಲ್ಲುಬೆಂಚಿನ ಸಂದಿಗೆ ಬಗ್ಗಿ ನೋಡಿದ, ಹಕ್ಕಿಯೇನಾದರೂ ಔತಣ ಮಾಡಿಕೊಂಡಿತೇ ಎಂದು ಮರದ ಮೇಲೂ ನೋಡಿದ. ಅಲ್ಲಿದ್ದ ಕಾಗೆ ಅವನನ್ನೇ ದುರುಗುಟ್ಟಿ ನೋಡಿತು. ಹಸಿದ ಹುಳುಗಳಿಗೆ ನಾಲ್ಕು ಕೊಂಬೆ ಮುರಿದು ತಂದು ಹಾಕುವುದು ಎಷ್ಟು ಹೊತ್ತಿನ ಕೆಲಸ? ಆದರೆ ತನ್ನ ಸೋಮಾರಿತನವನ್ನು ಪಾಠವಾಗಿ ಮಾರ್ಪಡಿಸುವುದರಲ್ಲಿ ಅವನು ನಿಸ್ಸೀಮ. ಮನೆಯಲ್ಲಿ ಗಡ್ಡ ಹೆರೆದುಕೊಳ್ಳುವಾಗಲೇ ಭಾಷಣ ತಯಾರಾಗಿತ್ತು: ಮಕ್ಕಳೇ, ಪ್ರಕೃತಿಯಲ್ಲಿ ಹಸಿವು ಕೂಡ ಒಬ್ಬ ಮೇಷ್ಟ್ರು. ಕನ್ನಡಿಯಲ್ಲಿ ನೊರೆ ಮೆತ್ತಿದ ಮುಖ ತನ್ನ ಮಾತಿಗೆ ತಾನೇ ತಲೆದೂಗಿದ್ದು ಈಗ ನೆನಪಾಗಿ ನಾಚಿಕೆಯಾಯಿತು. ಪಾಠ ಕಲಿಯಬೇಕಾದ ಹುಳುಗಳೇ ತರಗತಿಗೆ ಚಕ್ಕರ್ ಹೊಡೆದಿದ್ದವಲ್ಲ.

ಅವನು ಗಡ್ಡ ಹೆರೆದುಕೊಳ್ಳುತ್ತಿದ್ದ ಹೊತ್ತಿಗೇ ಪಕ್ಕದ ಕೋಣೆಯಲ್ಲಿ ಅವನ ಹೆಂಡತಿಯೂ ಭಾಷಣ ಅಭ್ಯಾಸ ಮಾಡುತ್ತಿದ್ದಳು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಓಡಿಸುತ್ತ, ಗೋಡೆಗೆ ಹೇಳಿದ ಹಾಗೆ, "ಇದು ನಮ್ಮಲ್ಲಿರೋದು ಒಂದೇ ಒಂದು. ಬೀಜದಿಂದ ನಾನೇ ಬೆಳೆಸಿದ್ದು," ಎಂದು ಒಂದು ಸಲ ಗಂಭೀರವಾಗಿ, ಇನ್ನೊಂದು ಸಲ ಏನೂ ದೊಡ್ಡ ವಿಷಯವಲ್ಲವೆಂಬಂತೆ ಹೇಳಿಕೊಳ್ಳುತ್ತಿದ್ದಳು. ಎರಡನೆಯದೇ ಹೆಚ್ಚು ಜಂಬದ್ದು ಅಂತ ಅವನಿಗನ್ನಿಸಿತ್ತು. ಇದೇ ಉದ್ಯಾನದ ಗಾಜಿನಮನೆ ಅವಳ ಕೈಯಲ್ಲಿತ್ತು. ಮಧ್ಯಾಹ್ನದೊಳಗೆ ಡೈರೆಕ್ಟರು ಹೊರಗಿನ ಇಬ್ಬರು ತಜ್ಞರನ್ನು ಕರೆದುಕೊಂಡು ಬರುವವರಿದ್ದರು, ಅವಳ ಆ ಒಂದು ಗಿಡವನ್ನು ನೋಡಲಿಕ್ಕೇ. ಯಾವುದೋ ದೂರದ ದ್ವೀಪದ, ನಿಂಬೆ ಕುಟುಂಬಕ್ಕೆ ಸೇರಿದ ಮರ. ಅಲ್ಲೇ ಅದು ಅಳಿದುಹೋಗುತ್ತಿದೆಯಂತೆ. ಅಕ್ಕಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೊಟ್ಟು ತೆಗೆದುಕೊಳ್ಳುವ ಹಾಗೆ ಉದ್ಯಾನಗಳೂ ಒಂದಕ್ಕೊಂದು ಬೀಜ ಕಳಿಸುತ್ತವೆ. ಹಾಗೆ ಬಂದ ಪೊಟ್ಟಣವೊಂದರ ಬೀಜಗಳನ್ನು ಅವಳು ಬಿತ್ತಿ, ಒಂದೇ ಒಂದು ಮೊಳಕೆ ಎದ್ದು, ಅದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಈಗ ಅದು ಅವಳ ಭುಜದೆತ್ತರಕ್ಕೆ ನಿಂತಿತ್ತು. ಇನ್ನೂ ಒಂದು ಹೂವೂ ಬಿಟ್ಟಿರಲಿಲ್ಲ. ಬಿಡದಿದ್ದರೂ ಚಿಂತೆಯಿಲ್ಲ, ಆರೋಗ್ಯವಾಗಿದ್ದರೆ ಸಾಕು ಎಂದು ಅವಳು ಮಗನ ವಿಷಯ ಹೇಳುವ ತಾಯಿಯ ಧಾಟಿಯಲ್ಲಿ ಹೇಳುತ್ತಿದ್ದಳು. ಊಟದ ಹೊತ್ತಿಗೆ "ಇವತ್ತು ಅವನು ಎರಡು ಚಿಗುರು ಬಿಟ್ಟಿದ್ದಾನೆ ಕಣ್ರೀ" ಅನ್ನುವಳು. "ಯಾವನು?" ಎಂದು ಇವನು ಪ್ರತಿ ಸಲವೂ ಕೇಳುವನು. ಒಂದು ಸಲವೂ ಅವಳಿಗೆ ನಗು ಬರುತ್ತಿರಲಿಲ್ಲ.

ಗೇಟಿನ ಕಡೆಯಿಂದ ಮಕ್ಕಳು ಬಂದವು. ವಾರಕ್ಕೊಮ್ಮೆ ಬರುವ ತೋಟಗಾರಿಕೆ ತರಗತಿ. ಬಂದರೆ ದನದ ದೊಡ್ಡಿ ಬಾಗಿಲು ತೆರೆದಂತೆ ನುಗ್ಗುವ ಪಟಾಲಮ್ಮು ಇಂದು ಸಾಲಾಗಿ, ಕೈ ಹಿಂದೆ ಕಟ್ಟಿಕೊಂಡು, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತ ಬಂತು. ಮಕ್ಕಳು ಸುಮ್ಮನಿದ್ದರೆ ಏನೋ ಮುರಿದಿದೆ ಎಂದೇ ಲೆಕ್ಕ. ಅವನು ಪೈಪು ಕೆಳಗಿಟ್ಟ. ಮುಂದಿನ ಸಾಲಿನಲ್ಲಿ ಲಾಯರಮ್ಮ ಇದ್ದಳು. ಒಂಬತ್ತೋ ಹತ್ತೋ ವಯಸ್ಸಿನ, ಹಲ್ಲಿನ ಸಾಲಿನಲ್ಲಿ ಒಂದು ಕಿಟಕಿ ತೆರೆದಿದ್ದ ಹುಡುಗಿ. ಯಾವ ಮಾತು ಹೇಳಿದರೂ "ಹಾಗಾದ್ರೆ" ಎಂದು ಶುರು ಮಾಡುತ್ತಾಳೆಂದು ಅವನೇ ಇಟ್ಟ ಹೆಸರು.

"ನಮ್ಮ ಹುಳುಗಳು ಎಲ್ಲಿ ಹೋದ್ವೋ ಗೊತ್ತಿಲ್ಲ ಮಕ್ಕಳೇ," ಎಂದು ಅವನು ಧ್ವನಿ ತಗ್ಗಿಸಿದ. "ಪ್ರಕೃತೀಲಿ ಹಸಿವು ಅನ್ನೋದು..."

"ನಮಗೆ ಗೊತ್ತು ಸರ್," ಎಂದಳು ಲಾಯರಮ್ಮ.

"ಏನು ಗೊತ್ತು?"

"ಎಲ್ಲಿ ಹೋದ್ವು ಅಂತ. ನಾವೇ ಬಿಟ್ಟುಬಂದ್ವಿ. ಅವುಗಳ ಚಿಕ್ಕಪ್ಪನ ಮನೇಲಿ."

ಹಿಂದಿನ ಸಾಲು ಕಿಸಕ್ಕೆಂದಿತು. ಅವನೂ ನಕ್ಕ, ಯಾಕೆಂದರೆ ಚಿಕ್ಕಪ್ಪನ ಮನೆ ಎಂಬ ಮಾತನ್ನು ಎಲ್ಲೋ ಕೇಳಿದ್ದೆನಲ್ಲ ಅನ್ನಿಸಿತು. ಕೇಳಿದ್ದಲ್ಲ, ಅದಕ್ಕೆ ತಾನೇ ತಲೆಯಾಡಿಸಿದ್ದು ಎಂದು ಹೊಳೆದದ್ದು ನಗು ಇನ್ನೂ ತುಟಿಯ ಮೇಲಿರುವಾಗಲೇ. ಹೋದ ವಾರ ಇದೇ ಬೆಂಚಿನ ಮೇಲೆ ನಿಂತು ಅವನು ತನ್ನ ಜೀವಮಾನದ ಅತ್ಯುತ್ತಮ ಪಾಠ ಮಾಡಿದ್ದ. ಹುಳುಗಳಿಗೆ ಊಟದ ವಿಷಯದಲ್ಲಿ ಬಹಳ ಹಟ. ನಿಂಬೆ ಹುಳು ಸತ್ತರೂ ಮಾವಿನೆಲೆ ಮುಟ್ಟುವುದಿಲ್ಲ, ನಿಂಬೆಯದೋ ನಿಂಬೆಯ ಬಂಧುಬಳಗದ್ದೋ ಎಲೆಯೇ ಬೇಕು. ಯಾರು ಯಾರಿಗೆ ಬಂಧು ಅಂತ ಹುಳು ಹೇಗೆ ಕಂಡುಹಿಡಿಯುತ್ತೆ? ವಾಸನೆಯಿಂದ. ನಾವು? ಉದ್ಯಾನದಲ್ಲಿ ಪ್ರತಿ ಗಿಡದ ಬುಡದಲ್ಲೂ ತಗಡಿನ ಫಲಕ ಇದೆ ನೋಡಿ, ಮೊದಲನೇ ಸಾಲು ಗಿಡದ ಹೆಸರು, ಎರಡನೇ ಸಾಲು ಅದರ ಕುಟುಂಬ. ಎರಡನೇ ಸಾಲು ಓದಿ! ಆಮೇಲೆ ಇಡೀ ಪಟಾಲಮ್ಮು ಉದ್ಯಾನದ ತುಂಬ ಓಡಾಡಿ "ಸರ್, ಬಿದಿರೂ ಹುಲ್ಲೂ ಒಂದೇ ಮನೆಯವ್ರು!" "ಸರ್, ಆಲೂಗಡ್ಡೆಗೆ ಟೊಮ್ಯಾಟೊ ತಂಗಿ!" ಎಂದು ಕೂಗಿದ್ದೇನು, ದಾರಿಹೋಕರು ನಿಂತು ನೋಡಿದ್ದೇನು, ಅವನ ಎದೆ ಉಬ್ಬಿದ್ದೇನು. ಆ ಉಬ್ಬಿದ ಎದೆಯಲ್ಲೇ, ಟೀ ತಣ್ಣಗಾಗುತ್ತದೆಂಬ ಅವಸರದಲ್ಲಿ, ಲಾಯರಮ್ಮನ ಕೊನೆಯ ಪ್ರಶ್ನೆಯನ್ನು ಅವನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. "ಹಾಗಾದ್ರೆ ಸರ್, ನಮ್ಮ ಗಿಡ ಖಾಲಿಯಾದ್ರೆ ಹುಳುಗಳು ಚಿಕ್ಕಪ್ಪನ ಮನೆಗೆ ಹೋಗಬಹುದಾ?" "ಧಾರಾಳವಾಗಿ ಹೋಗ್ಬಹುದು. ಬಂಧುಗಳಿರೋದು ಮತ್ಯಾತಕ್ಕೆ?" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಯಾವ ಚಿಕ್ಕಪ್ಪ?" ಎಂದ.

"ಗಾಜಿನಮನೇಲಿರೋನು. ನಿನ್ನೆ ಸಂಜೆ ನೀರು ಹಾಕೋ ಸರದಿ ನಮ್ದಲ್ವಾ ಸರ್? ನೀವು ಹೊರಟುಹೋಗಿದ್ರಿ. ಗಿಡದಲ್ಲಿ ಒಂದೆಲೆನೂ ಇರ್ಲಿಲ್ಲ, ಪಾಪ ಅವು ತಲೆ ಎತ್ತಿ ಎತ್ತಿ ನೋಡ್ತಿದ್ವು. ಎಲ್ಲಾ ಫಲಕದ ಎರಡನೇ ಸಾಲೂ ಓದ್ಕೊಂಡು ಹೋದ್ವಿ. ಗಾಜಿನಮನೆ ಬಾಗಿಲು ಗಾಳಿಗೆ ಅಂತ ತೆಗ್ದಿಟ್ಟಿದ್ರು. ಅಲ್ಲಿ ಕರೆಕ್ಟಾಗಿ ನಿಂಬೆ ಕುಟುಂಬ ಅಂತ ಇತ್ತು. ಎಲೆಗಳು ಎಷ್ಟು ದಪ್ಪ ದಪ್ಪ ಗೊತ್ತಾ ಸರ್! ಒಂದೊಂದು ಹುಳನೂ ಒಂದೊಂದು ಎಲೆ ಮೇಲೆ ಬಿಟ್ವಿ."

ಕಾಲ ಕೆಳಗಿನ ನೆಲ ಒದ್ದೆಯಾಗಿತ್ತು, ಪೈಪಿನ ನೀರು ಚಪ್ಪಲಿಯೊಳಗೆ ಹರಿಯುತ್ತಿತ್ತು, ಅವನಿಗೆ ಅದು ಯಾರದೋ ಕಾಲೆನ್ನಿಸಿತು. ಗದರಬೇಕೆಂದು ಬಾಯಿ ತೆರೆದ. ಏನೆಂದು ಗದರುವುದು? ಹೇಳಿಕೊಟ್ಟದ್ದನ್ನು ಅಕ್ಷರಶಃ ಪಾಲಿಸಿದ್ದಕ್ಕೆ? ಅಷ್ಟು ವರ್ಷ ಪಾಠ ಹೇಳಿ ಹೇಳಿ, ಒಂದೇ ಒಂದು ಸಲ ಮಕ್ಕಳು ಪೂರ್ತಿ ಕಲಿತಿದ್ದವು, ಅದು ಈ ದಿನವೇ ಆಗಬೇಕಿತ್ತು. "ಭೇಷ್," ಎಂದ. ಆಮೇಲೆ ಇರುವೆಗಳ ಸಾಲು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆಂದು ಎಲ್ಲರೂ ಸದ್ದು ಮಾಡದೆ ಕೂತು ನೋಡಬೇಕೆಂದೂ, ತಾನು ಬರುವವರೆಗೆ ಯಾರೂ ಏಳಬಾರದೆಂದೂ ಅಪ್ಪಣೆ ಮಾಡಿ, ಅವಸರವಿಲ್ಲದವನ ಹಾಗೆ ನಾಲ್ಕು ಹೆಜ್ಜೆ ನಡೆದು, ತಿರುವು ದಾಟಿದ್ದೇ ಓಡಿದ.

ಓಡುವಾಗಲೂ ಮನಸ್ಸು ಸುಮ್ಮನಿರಬೇಕಲ್ಲ. ಹುಳುಗಳ ಊಟದ ವೇಗ ಅವನಿಗೆ ಗೊತ್ತಿತ್ತು. ರಾತ್ರಿಯಿಡೀ ಮೇದಿದ್ದರೆ ಅಲ್ಲಿ ಈಗ ಕಡ್ಡಿ ನಿಂತಿರುತ್ತದೆ. ಕಡ್ಡಿಯ ಮುಂದೆ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಅವಳು, ಅವಳ ಪಕ್ಕ ಡೈರೆಕ್ಟರು, ಅವರ ಪಕ್ಕ ಇಬ್ಬರು ತಜ್ಞರು. ಮದುವೆಯಾದ ಹೊಸದರಲ್ಲಿ ಇಬ್ಬರೂ ಒಂದೇ ಮೇಜಿನ ಎರಡು ಬದಿಗೆ ಕೂತು ಪ್ರಬಂಧ ಬರೆಯುತ್ತಿದ್ದರು. ಅವಳದು ಮುಗಿದು ಹೆಸರಿನ ಹಿಂದೆ ಡಾಕ್ಟರ್ ಬಂತು. ಇವನದು ಹಾವಸೆಗಳ ಮೇಲೆ. ಅದರ ಮೇಲೆಯೇ ಹಾವಸೆ ಬೆಳೆಯಿತು ಎಂದು ಅವನೇ ತಮಾಷೆ ಮಾಡಿಕೊಂಡು ನಗುತ್ತಿದ್ದ, ಬೇರೆಯವರು ಮಾಡುವ ಮೊದಲು. ಉದ್ಯಾನದವರು ಅವನನ್ನು ಮಕ್ಕಳ ವಿಭಾಗಕ್ಕೆ ಹಾಕಿದಾಗ "ನಿಮಗೆ ಹೇಳಿ ಮಾಡಿಸಿದ ಕೆಲಸ" ಎಂದಿದ್ದರು, ಅವಳೂ ಅದನ್ನೇ ಅಂದಿದ್ದಳು, ಅದು ನಿಜವೂ ಆಗಿತ್ತು, ಆದರೂ ಆ ಮಾತು ಚಪ್ಪಲಿಯೊಳಗಿನ ಹರಳಿನ ಹಾಗೆ ಇಷ್ಟು ವರ್ಷ ಉಳಿದುಬಿಟ್ಟಿತ್ತು. ಅವಳು ಗಾಜಿನಮನೆ ಮೇಡಂ, ಇವನು ಹುಳದ ಸರ್. ಇಬ್ಬರ ನಡುವೆ ಒಪ್ಪಂದವೂ ಇತ್ತು: "ನೋಡ್ರೀ, ನಿಮ್ಮ ಹುಳ ನಿಮ್ಮ ಕಡೆ, ನನ್ನ ಗಿಡ ನನ್ನ ಕಡೆ." ಮಕ್ಕಳನ್ನು ಒಂದು ದಿನ ಗಾಜಿನಮನೆಗೆ ಕರೆತರುತ್ತೇನೆಂದರೆ ಅವಳು ಒಪ್ಪಿರಲಿಲ್ಲ. ಮಕ್ಕಳು ಎಲೆ ಕೀಳುತ್ತವೆ, ಉಜ್ಜುತ್ತವೆ, ಮೂಸುತ್ತವೆ. ಹಾಗೆ ಮಾಡಿ ಎಂದು ಅವಕ್ಕೆ ಹೇಳಿಕೊಟ್ಟವನೇ ಇವನಲ್ಲವೆ, ಗಿಡದ ಪರಿಚಯವಾಗಬೇಕಾದರೆ ಮೊದಲು ಎಲೆ ಉಜ್ಜಿ ಮೂಸಿ ಅಂತ. "ಇವನ ಎಲೆಗೆ ಮಾತ್ರ ಯಾರೂ ಕೈ ಹಚ್ಚಕೂಡದು. ನಾನೇ ಹಚ್ಚಿಲ್ಲ," ಎಂದಿದ್ದಳು. ಆ ರಾತ್ರಿ ಅವನು ಊಟದ ತಟ್ಟೆ ಸ್ವಲ್ಪ ಸದ್ದು ಮಾಡಿಯೇ ಇಟ್ಟಿದ್ದ.

ಗಾಜಿನಮನೆಯಲ್ಲಿ ಯಾರೂ ಇರಲಿಲ್ಲ. ಒಳಗಿನ ಬೆಚ್ಚನೆಯ ಒದ್ದೆಗಾಳಿ ಕನ್ನಡಕಕ್ಕೆ ಮೆತ್ತಿ ಎಲ್ಲವೂ ಮಸುಕಾಯಿತು. ಕನ್ನಡಕ ಒರೆಸಿ ನೋಡುವ ಮೊದಲು ಒಂದು ಕ್ಷಣ ಸುಮ್ಮನೆ ನಿಂತ. ಒರೆಸದಿದ್ದರೆ ಏನೂ ಆಗಿಯೇ ಇಲ್ಲ. ಒರೆಸಿ ನೋಡಿದ. ಗಿಡ ನಿಂತಿತ್ತು. ಎಲೆ ಅಷ್ಟೂ ಇದ್ದವು! ದಪ್ಪ, ಕಡುಹಸಿರು, ತೊಗಲಿನಂಥ ಎಲೆಗಳು, ತುದಿಯಲ್ಲಿ ಅವಳು ಹೇಳಿದ ಎರಡು ಎಳೆಚಿಗುರು, ಒಂದರ ಅಂಚೂ ಕಚ್ಚಿಲ್ಲ. ಹೊಟ್ಟೆಗೆ ಹಾಲು ಎರೆದಂತಾಯಿತು. ಅವನಿಗೆ ಆ ಗಿಡವನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಅದೂ ಮೊದಲ ಸಲ. ಹುಳುಗಳು ಅಲ್ಲೇ ಇದ್ದವು. ಒಂದು ಕಾಂಡದ ಮೇಲೆ, ಒಂದು ಕುಂಡದ ಅಂಚಿನಲ್ಲಿ, ಎರಡು ಗಾಜಿನ ಗೋಡೆ ಹತ್ತುತ್ತ, ಒಂದು ಫಲಕದ ಕಂಬದ ಮೇಲೆ ತಲೆ ಎತ್ತಿ ಗಾಳಿಯಲ್ಲಿ ಏನೋ ಹುಡುಕುತ್ತ. ಅವನು ಒಂದೊಂದನ್ನೇ ಮೆತ್ತಗೆ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಳ್ಳತೊಡಗಿದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬಾಗಿಲಾಚೆ ದಾಟಿಬಿಟ್ಟರೆ ಈ ಬೆಳಗು ನಡೆದೇ ಇಲ್ಲ.

ಮೂರನೆಯದನ್ನೋ ನಾಲ್ಕನೆಯದನ್ನೋ ಬಿಡಿಸುವಾಗ ಅವನ ಕೈ ನಿಧಾನವಾಯಿತು. ಬಗ್ಗಿ ನೆಲ ನೋಡಿದ. ಗಿಡದ ಅಡಿಯ ಮಣ್ಣು ಸ್ವಚ್ಛವಾಗಿತ್ತು. ಹುಳು ಇದೆಯೋ ಇಲ್ಲವೋ ತಿಳಿಯಬೇಕಾದರೆ ಎಲೆ ನೋಡಬೇಡಿ, ನೆಲದ ಮೇಲೆ ಹಿಕ್ಕೆ ನೋಡಿ ಎಂದು ಮಕ್ಕಳಿಗೆ ಹೇಳಿಕೊಟ್ಟವನು ಅವನೇ. ಒಂದು ಕಾಳು ಹಿಕ್ಕೆಯೂ ಇರಲಿಲ್ಲ. ಅಂದರೆ ಇವು ರಾತ್ರಿಯಿಡೀ ಉಪವಾಸವಿದ್ದು, ಬಾಯಿ ಹಾಕಿ ನೋಡುವುದಕ್ಕೂ ಒಪ್ಪದೆ, ಎಲೆ ಬಿಟ್ಟು ಗಾಜು ಹತ್ತಿದ್ದವು. ಹಸಿವಿನಿಂದ ಸಾಯುತ್ತಿರುವವರು ಚಿಕ್ಕಪ್ಪನ ಮನೆಯ ಎಲೆಯ ಮುಂದೆ ಕೂತು ಯಾಕೆ ಎದ್ದುಹೋಗುತ್ತಾರೆ? ಚಿಕ್ಕಪ್ಪ ಚಿಕ್ಕಪ್ಪನೇ ಅಲ್ಲದಿದ್ದರೆ. ಆ ವಿಚಾರ ಬಂದದ್ದೇ ಅವನ ಒಳಗೆ ಎಲ್ಲೋ ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಡಾಕ್ಟರ್ ಮೇಡಂ ಅವರ ಒಂದೇ ಒಂದು, ಬೀಜದಿಂದ ಬೆಳೆಸಿದ್ದು, ನಿಂಬೆಯೇ ಅಲ್ಲ! ಯಾವುದೋ ಬೇಲಿಯ ಗಿಡವೂ ಇರಬಹುದು! ಚಪ್ಪಾಳೆ ಜೋರಾಗಿತ್ತು, ಅವನು ಹಿಂತಿರುಗಿ ನೋಡಿದಷ್ಟು. ಮರುಗಳಿಗೆಯೇ ಹೇಸಿಗೆಯಾಯಿತು, ತನ್ನ ಮೇಲೆ. ಬೆಳಿಗ್ಗೆ ಇಸ್ತ್ರಿಯ ಹಬೆಯಲ್ಲಿ ಕೂದಲು ಹಣೆಗೆ ಅಂಟಿಕೊಂಡು, ಗೋಡೆಗೆ ಎರಡು ಥರ ಹೇಳಿ ನೋಡುತ್ತಿದ್ದ ಅವಳ ಮುಖ ಕಣ್ಣಮುಂದೆ ಬಂತು. ಛೆ. ಹೇಳಬಾರದು. ಇವತ್ತಂತೂ ಹೇಳಬಾರದು. ಅವರು ಬಂದು ನೋಡಿ ಹೋಗಲಿ, ಆಮೇಲೆ ಒಂದು ದಿನ ಸಮಾಧಾನವಾಗಿ, ಅವಳಿಗೆ ನೋವಾಗದ ಹಾಗೆ, ಅವಳ ತಲೆಯನ್ನು ಭುಜಕ್ಕೆ ಆನಿಸಿಕೊಂಡು... ಆ ಚಿತ್ರ ಅವನಿಗೆ ಬಹಳ ಹಿಡಿಸಿತು. ಅದರಲ್ಲಿ ಅವನ ಭುಜ ಅಗಲವಾಗಿತ್ತು.

"ಏನ್ರೀ ಮಾಡ್ತಿದೀರಿ ಇಲ್ಲಿ?"

ಅವಳು ಬಾಗಿಲಲ್ಲಿ ನಿಂತಿದ್ದಳು. ಬಟ್ಟೆಗೆ ಒಂದು ಸುಕ್ಕೂ ಬಿದ್ದಿರಲಿಲ್ಲ, ಕಾಲಲ್ಲಿ ಮಾತ್ರ ಅದೇ ಕೆಸರಿನ ಬೂಟು.

"ಏನಿಲ್ಲ. ಸುಮ್ನೆ. ನಿನ್ನ ಗಿಡಕ್ಕೊಂದು ಆಲ್ ದಿ ಬೆಸ್ಟ್ ಹೇಳೋಣ ಅಂತ."

"ಗಿಡಕ್ಕೆ?" ಅವಳು ಒಳಗೆ ಬಂದಳು. ಬಂದವಳು ನಿಂತು ಮೂಗು ಅರಳಿಸಿದಳು. "ಏನಿದು ವಾಸನೆ?"

ನಿಂಬೆ ಹುಳುವಿಗೆ ಗಾಬರಿಯಾದರೆ ತಲೆಯ ಹಿಂದಿನಿಂದ ಕೆಂಪಗಿನ ಕವಲುಕೊಂಬೊಂದು ಚಾಚಿ, ಕೊಳೆತ ಕಿತ್ತಳೆಯಂಥ ಗಬ್ಬು ಬಿಡುತ್ತದೆ. ಶತ್ರುವನ್ನು ಓಡಿಸಲಿಕ್ಕೆ. ಇದೂ ಅವನ ಪಾಠಗಳಲ್ಲೊಂದು, ಮಕ್ಕಳಿಗೆ ಅತಿ ಪ್ರಿಯವಾದದ್ದು. ಜೇಬಿನೊಳಗೆ ಈಗ ಅಷ್ಟೂ ಹುಳುಗಳು ಒಟ್ಟಿಗೆ ಗಾಬರಿಯಾಗಿದ್ದವು.

"ಸೋಪಿರಬೇಕು," ಎಂದು ಅವನು ಕೈಯಿಂದ ಜೇಬು ಮುಚ್ಚಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. "ಹೊಸ ಸೋಪು. ನಿಂಬೆದು."

"ಸೋಪು ಕೊಳೀತದಾ?" ಅವಳು ಹತ್ತಿರ ಬಂದು, ಅವನ ಕೈ ಸರಿಸಿ, ಜೇಬಿನೊಳಗೆ ಎರಡು ಬೆರಳು ಇಳಿಸಿ, ಕೊಬ್ಬಿದ ಹಸಿರು ಹುಳುವೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಹುಳು ಕೊಂಬು ಚಾಚಿ ಇಬ್ಬರನ್ನೂ ಹೆದರಿಸಿತು. ಹುಳುವನ್ನು ಅವನ ಕೈಗೆ ತುರುಕಿ, ಗಿಡದ ಸುತ್ತ ಒಂದು ಸುತ್ತು ಬಂದಳು, ಎಲೆ ಎಲೆ ನೋಡಿದಳು, ಬಗ್ಗಿ ಕೆಳಗಿನಿಂದ ನೋಡಿದಳು. ಉಸಿರು ಬಿಟ್ಟಳು. ಆಮೇಲೆ ಅವನ ಕಡೆ ತಿರುಗಿದ ರೀತಿ ಅವನಿಗೆ ಹಳೆಯ ಪರಿಚಯದ್ದು.

"ಇವತ್ತೇ ಬೇಕಿತ್ತಾ ನಿಮಗೆ ಈ ಹುಳುಗಳ ಮೆರವಣಿಗೆ? ಇವತ್ತೇ? ಪುಣ್ಯ, ತಿಂದಿಲ್ಲ. ತಿಂದಿದ್ರೆ ಏನು ಗತಿ?"

"ಹೌದು, ಪುಣ್ಯ," ಎಂದ ಅವನು. "ಸರಿಯಾದ ಟೈಮಿಗೆ ಬಂದೆ. ತಗೊಂಡು ಹೋಗ್ತೀನಿ. ನೀನು ಚಿಂತೆ ಮಾಡ್ಬೇಡ. ಗಿಡ ಭರ್ಜರಿಯಾಗಿದೆ."

"ತಿಂದೇ ಇಲ್ವಾ?" ಎಂದು ಬಾಗಿಲಿನಿಂದ ಕೇಳಿಸಿತು.

ಇರುವೆಗಳ ಸಾಲು ಗಾಜಿನಮನೆಯ ಬಾಗಿಲಿಗೇ ಬಂದು ಮುಗಿದಿರಬೇಕು. ಇಡೀ ತರಗತಿ ಗಾಜಿಗೆ ಮೂಗು ಒತ್ತಿ ನಿಂತಿತ್ತು. ಲಾಯರಮ್ಮ ಮಾತ್ರ ಒಂದು ಕಾಲು ಹೊಸ್ತಿಲೊಳಗಿಟ್ಟಿದ್ದಳು.

"ಒಂದು ಚೂರೂ ತಿಂದಿಲ್ವಾ ಸರ್? ರಾತ್ರಿಯೆಲ್ಲಾ ಇಲ್ಲೇ ಇದ್ವು ತಾನೆ?" ಅವಳು ಕುಂಡದ ಅಡಿ ನೋಡಿದಳು. "ಹಿಕ್ಕೆನೂ ಇಲ್ಲ."

"ಅವಕ್ಕೆ ಹೊಸ ಜಾಗ ಅಲ್ವಾ ಪುಟ್ಟಾ, ಸಂಕೋಚ..."

"ಹುಳಕ್ಕೆ ಸಂಕೋಚ ಇರಲ್ಲ ಸರ್, ನೀವೇ ಹೇಳಿದ್ರಲ್ಲ. ಹಾಗಾದ್ರೆ ಎರಡನೇ ಸಾಲು ತಪ್ಪು."

ಅವನು ಹೆಂಡತಿಯ ಮುಖ ನೋಡಲಿಲ್ಲ, ಅವಳ ಬೂಟು ನೋಡಿದ. ಬೂಟು ಅಲುಗಲಿಲ್ಲ. ಮಗುವಿನ ಮಾತು, ತಲೆಗೆ ಹಾಕಿಕೊಳ್ಳಬೇಡ ಎನ್ನಬೇಕೆಂದು ತಲೆ ಎತ್ತಿದರೆ ಅವಳು ಹುಡುಗಿಯನ್ನಾಗಲಿ ಗಿಡವನ್ನಾಗಲಿ ನೋಡುತ್ತಿರಲಿಲ್ಲ. ನೆಟ್ಟ ನೋಟದಿಂದ ಅವನನ್ನೇ ನೋಡುತ್ತಿದ್ದಳು.

"ನಿಮಗೆ ಗೊತ್ತಾಗಿತ್ತಾ?"

"ಏನು?"

"ರೀ."

"ಈಗ ತಾನೆ. ನೀನು ಬರೋಕೆ ಒಂದು ನಿಮಿಷ ಮುಂಚೆ. ಆದ್ರೆ ಅದೇನು ದೊಡ್ಡ ಸಾಕ್ಷಿ ಅಲ್ಲ ಕಣೆ. ಎಲ್ಲಾ ಬಂಧುಗಳ ಮನೇಲೂ ಊಟ ಮಾಡ್ಬೇಕು ಅಂತೇನಿಲ್ಲ. ದ್ವೀಪದ ಗಿಡ, ರುಚಿ ಬೇರೆ ಇರಬಹುದು. ಬೇಕಾದಷ್ಟು ಉದಾಹರಣೆ ಇದೆ."

"ಇದೆ," ಎಂದಳು. "ಅದು ನನಗೂ ಗೊತ್ತು. ಗೊತ್ತಾಗಿಯೂ ಸುಮ್ನೆ ಜೇಬಲ್ಲಿಟ್ಕೊಂಡು ಹೊರಟಿದ್ರಿ, ಅಲ್ವಾ?"

"ನಿನಗೆ ಬೇಜಾರಾಗತ್ತೆ ಅಂತ..."

"ನಾನು ಅವ್ರ ಮುಂದೆ ನಿಂತು ಬಾಯಿತುಂಬ ಸುಳ್ಳು ಹೇಳ್ತಿದ್ರೆ ನೀವು ಪಕ್ಕದಲ್ಲಿ ನಿಂತು ನೋಡ್ತಿದ್ರಿ. ನನಗೆ ಬೇಜಾರಾಗಬಾರದು ಅಂತ." ಅವಳ ಧ್ವನಿ ಏರಲಿಲ್ಲ. ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆಂಬುದು ಇಬ್ಬರಿಗೂ ಗೊತ್ತಿತ್ತು, ಮಕ್ಕಳಂತೂ ಉಸಿರು ಬಿಗಿಹಿಡಿದು ಕೇಳುತ್ತಿದ್ದವು. ತನ್ನ ಒಳ್ಳೆಯತನದ ಮುಖವನ್ನು ಅವನು ಮೊದಲ ಸಲ ಬೇರೆಯವರ ಕನ್ನಡಿಯಲ್ಲಿ ಕಂಡ. ಅದು ಚೆನ್ನಾಗಿರಲಿಲ್ಲ. ಭುಜ ಅಗಲವಿದ್ದ ಆ ಮನುಷ್ಯ ಇದ್ದಕ್ಕಿದ್ದಂತೆ ಕಳ್ಳನಂತೆ ಜೇಬು ಹಿಡಿದುಕೊಂಡು ನಿಂತಿದ್ದ. ಚಪ್ಪಾಳೆ ತಟ್ಟಿದ್ದೂ ಅವಳಿಗೆ ಕೇಳಿಸಿತೋ ಏನೋ. ಕೇಳಿಸಿದ್ದರೆ ಆಶ್ಚರ್ಯವಿಲ್ಲ, ಇಷ್ಟು ವರ್ಷದ ಸಂಸಾರ.

ಅವಳು ಗಿಡದ ಕಡೆ ತಿರುಗಿದಳು. ಕೈ ಚಾಚಿದಳು, ಹಿಂದೆಗೆದುಕೊಂಡಳು, ಅಂಗೈಯನ್ನು ಇಸ್ತ್ರಿ ಮಾಡಿದ ಬಟ್ಟೆಗೇ ಒರೆಸಿಕೊಂಡಳು. ಬೇಡ ಕಣೆ ಎಂದು ಅವನ ಬಾಯಿಗೆ ಬಂತು. ಯಾವುದನ್ನು ಬೇಡವೆನ್ನುವುದೆಂದು ತಿಳಿಯದೆ ನುಂಗಿಕೊಂಡ. ಅವಳು ನಡುಕೊಂಬೆಯ ಒಂದು ಎಲೆಯನ್ನು, ಬಲಿತದ್ದನ್ನು, ತೊಟ್ಟಿನ ಹತ್ತಿರ ಹಿಡಿದು ಚಿವುಟಿದಳು. ಚಟ್ ಎಂದು ಸಣ್ಣ ಸದ್ದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದಳು: ನಿಂಬೆ ಬಳಗದ ಎಲೆಯಾದರೆ ಸೂಜಿಮೊನೆಯಷ್ಟು ಚುಕ್ಕೆಗಳು ಹೊಳೆಯಬೇಕು, ಎಣ್ಣೆಯ ಚುಕ್ಕೆಗಳು. ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಅಂಗೈಯಲ್ಲಿಟ್ಟು, ಮಕ್ಕಳು ಮಾಡುವ ಹಾಗೆ, ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ, ಕಣ್ಣು ಮುಚ್ಚಿ ಮೂಸಿದಳು.

ಅವಳ ಕಣ್ಣಂಚಿನಲ್ಲಿ ನೀರು ತುಂಬಿದ್ದನ್ನು ಅವನು ಕಂಡ. ಆಮೇಲೆ, ದೇವರಾಣೆಗೂ ಅವನು ನಿರೀಕ್ಷಿಸಿರಲಿಲ್ಲ, ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. "ಅಯ್ಯೋ ದೇವರೇ," ಎಂದಳು. "ನಿಂಬೆ ಅಲ್ಲವೇ ಅಲ್ಲ. ಬಿತ್ತಿದ ಬೀಜ ಒಂದೂ ಹುಟ್ಟಿಲ್ಲ. ಕುಂಡದಲ್ಲಿ ಗಾಳಿಗೋ ಹಕ್ಕಿಯಿಂದ್ಲೋ ಬಂದು ಬಿದ್ದಿದ್ದು ಹುಟ್ಟಿದೆ. ಬಿತ್ತಿದ್ದೇ ಹುಟ್ಟಿದ್ದು ಅಂತ ನಾನು ಜೋಪಾನ ಮಾಡ್ಕೊಂಡು ಬಂದೆ. ಯಾರೋ ಏನೋ ಕಣ್ರೀ ಇವನು!"

"ಹಾಗಾದ್ರೆ ಇವನ ಮನೆಯವ್ರು ಯಾರು ಮೇಡಂ?" ಎಂದಳು ಲಾಯರಮ್ಮ. ಎರಡನೇ ಕಾಲೂ ಒಳಗೆ ಬಂದಿತ್ತು.

"ಗೊತ್ತಿಲ್ಲಮ್ಮ."

"ನಿಮಗೂ ಗೊತ್ತಿಲ್ವಾ?"

"ನನಗೂ ಗೊತ್ತಿಲ್ಲ. ಬಾ, ಎಲ್ಲರೂ ಬನ್ನಿ. ಚಪ್ಪಲಿ ಅಲ್ಲೇ ಬಿಡಿ, ತಳ್ಳಾಡಬೇಡಿ. ಯಾರ ವಾಸನೆ ಬರುತ್ತೆ ಹೇಳಿ ನೋಡೋಣ."

ಡೈರೆಕ್ಟರು ತಜ್ಞರೊಂದಿಗೆ ಬಂದಾಗ ಗಾಜಿನಮನೆಯ ಬಾಗಿಲಲ್ಲಿ ಸಣ್ಣ ಸಣ್ಣ ಚಪ್ಪಲಿಗಳ ರಾಶಿ ಬಿದ್ದಿತ್ತು, ಒಳಗೆ ಗಲಾಟೆಯೋ ಗಲಾಟೆ. ಅವಳು ಎಲೆ ಕಿತ್ತು ಕಿತ್ತು ಹಂಚುತ್ತಿದ್ದಳು. ಒಬ್ಬನಿಗೆ ಹಸಿ ಸೌತೆಕಾಯಿ ಅನ್ನಿಸಿತ್ತು, ಇನ್ನೊಬ್ಬಳಿಗೆ ಅಜ್ಜಿಯ ಪೆಟ್ಟಿಗೆ, ಒಬ್ಬ ರಬ್ಬರು ಎಂದು ಹಟ ಹಿಡಿದಿದ್ದ. ಡೈರೆಕ್ಟರು, ದನಿ ಏರಿಸಿದರೆ ತಮ್ಮ ಘನತೆಗೆ ಧಕ್ಕೆಯೆಂದು ತಿಳಿದ ಮನುಷ್ಯ, ಬರೀ ಕೆಮ್ಮಿದರು. ಅವಳು ತಿರುಗಿ ನಮಸ್ಕಾರ ಹೇಳಿ, ಕೂದಲು ಹಿಂದಕ್ಕೆ ಸರಿಸಿ, ಬೆಳಿಗ್ಗೆ ಗೋಡೆಗೆ ಹೇಳಿದ ಎರಡೂ ಥರದಲ್ಲಲ್ಲ, ಮೂರನೆಯದೇ ಒಂದು ಥರದಲ್ಲಿ ಹೇಳಿದಳು: "ಸರ್, ಇದು ನಾವು ಅಂದ್ಕೊಂಡಿದ್ದ ಗಿಡ ಅಲ್ಲ. ಫಲಕ ಬರೆಸಿದವಳು ನಾನು, ತಪ್ಪು ನಂದೇ. ಈಗ ತಾನೆ ಗೊತ್ತಾಯ್ತು. ಈ ಮಕ್ಕಳ ಹುಳುಗಳು ಹೇಳಿದ್ವು."

ಡೈರೆಕ್ಟರು ಇನ್ನೊಂದು ಸಲ ಕೆಮ್ಮಿದರು. ತಜ್ಞರಲ್ಲಿ ಒಬ್ಬರು, ವಯಸ್ಸಾದ ಹೆಂಗಸು, ಯಾರನ್ನೂ ಕೇಳದೆ ಬೂಟು ಬಿಚ್ಚತೊಡಗಿದರು. "ನನಗೂ ಒಂದೆಲೆ ಕೊಡಿ," ಎಂದರು. ಹುಳುಗಳಿಗೆ ಊಟವೆಲ್ಲಿ ಎಂದು ಲಾಯರಮ್ಮ ಕೇಳಿದ್ದಕ್ಕೆ ಅವನ ಹೆಂಡತಿ, ಡೈರೆಕ್ಟರ ಬಂಗಲೆಯ ಹಿಂದೆ ಸೊಂಪಾದ ನಿಂಬೆಗಿಡವೊಂದು ಇದೆಯೆಂದೂ ಅದು ಅಪ್ಪಟ ನಿಂಬೆಯೆಂದೂ ಎಲ್ಲರೆದುರೇ ಸಾರಿದಳು. "ಅದು ನಮ್ಮ ಮನೆಯವಳು ನೆಟ್ಟಿದ್ದು..." ಎಂದು ಡೈರೆಕ್ಟರು ಶುರು ಮಾಡುವಷ್ಟರಲ್ಲಿ ಮಕ್ಕಳು ಜೈ ಎಂದು ಕೂಗಿಬಿಟ್ಟವು.

ಈ ಗದ್ದಲದಲ್ಲಿ ಅವನು ಒಂದು ಬದಿಗೆ, ಗಾಜಿಗೆ ಬೆನ್ನು ಆನಿಸಿ ನಿಂತಿದ್ದ. ಸಮಾಧಾನದ ಮಾತುಗಳೆಲ್ಲ ಬಾಯಲ್ಲಿ ಸಿದ್ಧವಾಗಿದ್ದವು. ಕೇಳುವವರು ಯಾರೂ ಇರಲಿಲ್ಲ. ಯಾರೋ ಮಗು ಅವನ ಕೈಗೂ ಒಂದು ಎಲೆ ತುರುಕಿ ಹೋಯಿತು. ಉಜ್ಜಿ ಮೂಸಿದ. ಮತ್ತೆ ಮೂಸಿದ.

"ನಿಮಗೇನು ವಾಸನೆ ಬಂತು?" ಅವಳು ಎದುರಿಗೆ ಬಂದು ನಿಂತಿದ್ದಳು.

ಸೌತೆಕಾಯಿ ಎಂದುಬಿಡಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. "ಏನೂ ಗೊತ್ತಾಗ್ತಿಲ್ಲ ಕಣೆ," ಎಂದ. "ನನ್ನ ಕೈಯೆಲ್ಲಾ ಹುಳದ ಗಬ್ಬು. ಬೇರೇನೂ ಮೂಗಿಗೆ ಹತ್ತುತ್ತಾನೇ ಇಲ್ಲ." ಹೇಳುತ್ತಿದ್ದ ಹಾಗೆಯೇ ಅವನಿಗೆ ಅಳು ಒತ್ತರಿಸಿ ಬಂತು, ಮಕ್ಕಳ ಮುಂದೆ, ಡೈರೆಕ್ಟರ ಮುಂದೆ, ಹುಳದ ಜೇಬಿನ ಸಮೇತ. ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಗಿಡದ ಹತ್ತಿರ ಹೋದಳು. ಕೈಗೆ ಸಿಗುವ ಎಲೆಗಳೆಲ್ಲ ಹಂಚಿಹೋಗಿದ್ದವು. ತುದಿಯ ಎರಡು ಎಳೆಚಿಗುರು ಉಳಿದಿದ್ದವು. ಅವಳು ಒಂದನ್ನು ಚಿವುಟಿಕೊಂಡು ಬಂದಳು. ತನ್ನ ಅಂಗೈಯಲ್ಲೇ ಉಜ್ಜಿ, ಆ ಅಂಗೈಯನ್ನು ಅವನ ಮೂಗಿನ ಕೆಳಗೆ ಹಿಡಿದಳು.

"ನಿಧಾನಕ್ಕೆ ಮೂಸಿ," ಎಂದಳು.